ತತ್ತಿ ಕಾಯುವ ಕೋಣೆ

ಸೇಡಂ ಕಡೆಯ ಹಳ್ಳಿಗಳಲ್ಲಿ ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಹನ್ನೆರಡು ದಾಟಿತೆಂದರೆ ಓಣಿಯ ನಾಯಿಗಳೂ ನೆರಳು ಬಿಟ್ಟು ಕದಲುವುದಿಲ್ಲ. ತೊಗರಿ ಕೊಯ್ಲು ಮುಗಿದು ತಿಂಗಳುಗಳೇ ಕಳೆದ ಹೊಲಗಳಲ್ಲಿ ಎರೆಮಣ್ಣು ಬಾಯಿ ಬಿಟ್ಟುಕೊಂಡು ಬಿದ್ದಿರುತ್ತದೆ. ಬಿರುಕಿನೊಳಗೆ ಕೈ ಇಳಿಬಿಟ್ಟರೆ ಮೊಣಕೈ ಮುಳುಗುತ್ತದೆ. ರಸ್ತೆ ಬದಿ ಒಟ್ಟಿದ ಶಹಾಬಾದ್ ಕಲ್ಲಿನ ಹಾಸುಗಳ ಮೇಲೆ ಝಳ ಕುಣಿಯುತ್ತಿರುತ್ತದೆ. ತಂತಿಗೆ ಹಾಕಿದ ತೊಯ್ದ ಧೋತರ, ಆ ತುದಿಯನ್ನು ಎಳೆದು ಸರಿ ಮಾಡುವಷ್ಟರಲ್ಲಿ ಈ ತುದಿಯಲ್ಲಿ ಒಣಗಿ ಖಡಕ್ಕಾಗಿರುತ್ತದೆ. ಮೈಗೆ ಬೆವರು ಬಂದದ್ದೇ ತಿಳಿಯುವುದಿಲ್ಲ. ಬಂದದ್ದು ಬಂದಲ್ಲೇ ಆರಿ, ಅಂಗಿಯ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಬಿಟ್ಟು ಹೋಗುತ್ತದೆ. ತುಟಿ ಸವರಿಕೊಂಡರೆ ಸಿಪ್ಪೆ ಬೆರಳಿಗೆ ಬರುತ್ತದೆ.

ಇಂಥ ಹೊತ್ತಿನಲ್ಲಿ ಹನುಮಂತದೇವರ ಗುಡಿಯ ಹಿಂದಿನ ಓಣಿ ಹಿಡಿದು, ಬಾಗಿಲ ಮುಂದೆ ಬೇವಿನ ಮರ ಇರುವ ಆ ಹಳೆಯ ಮಾಳಿಗೆ ಮನೆಗೆ ಬನ್ನಿ. ಹೊಸ್ತಿಲು ದಾಟುವಾಗ ತಲೆ ಬಗ್ಗಿಸಬೇಕು, ಬಾಗಿಲು ಗಿಡ್ಡ. ಪಡಸಾಲೆಯಲ್ಲಿ ಹಾಸಿದ ಫರಸಿಯ ಮೇಲೆ ಬರಿಗಾಲಿಟ್ಟ ಕೂಡಲೇ ಅಂಗಾಲಿಗೆ ಜೀವ ಬರುತ್ತದೆ. ಗೋಡೆಗಳು ಎರಡು ಮೊಳ ದಪ್ಪ, ಮೇಲೆ ಮಣ್ಣಿನ ಮಾಳಿಗೆ. ಪಡಸಾಲೆಯ ಮೂಲೆಯಲ್ಲಿ ಮಂಚದ ಮೇಲೆ ಒಬ್ಬ ಹಿರಿಯ ಜೀವ ಅರ್ಧ ಕಣ್ಣು ಮುಚ್ಚಿ ಕುಳಿತಿರುತ್ತಾಳೆ. ಆಕೆಯನ್ನು ದಾಟಿ, ಅಡುಗೆಮನೆಯ ಪಕ್ಕಕ್ಕೆ ಸರಿದರೆ, ಹಿಂದೆ ಕಾಳು ತುಂಬುತ್ತಿದ್ದ ಕತ್ತಲ ಕೋಣೆ. ಬಾಗಿಲಿಗೆ ತೊಯ್ದ ಗೋಣಿಚೀಲ ಇಳಿಬಿಟ್ಟಿದೆ. ಅದನ್ನು ಸರಿಸಿದರೆ ಮೊದಲು ಮುಖಕ್ಕೆ ತಗಲುವುದು ಒದ್ದೆ ಗೋಣಿಯ ವಾಸನೆ, ಅದರ ಹಿಂದೆಯೇ ಕಾದ ಪ್ಲೈವುಡ್ಡಿನ ವಾಸನೆ, ಆಮೇಲೆ ಸುಣ್ಣದ್ದೋ ಪುಕ್ಕದ್ದೋ ಎಂದು ತಿಳಿಯದ ಇನ್ನೊಂದು ಬೆಚ್ಚನೆಯ ವಾಸನೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ಮುಂಚೆ ಕಿವಿಗೆ ಕೆಲಸ ಸಿಗುತ್ತದೆ. ಒಂದು ಸಣ್ಣ ಫ್ಯಾನು ಒಂದೇ ಸಮನೆ ಗುಂಯ್‌ಗುಡುತ್ತಿರುತ್ತದೆ. ಆಗೀಗ ಒಂದು ಮೋಟರು ಕಿರ್ರ್ ಎಂದು ಎದ್ದು, ಅರ್ಧ ನಿಮಿಷ ಏನನ್ನೋ ನಿಧಾನಕ್ಕೆ ವಾಲಿಸಿ, ಮತ್ತೆ ಸುಮ್ಮನಾಗುತ್ತದೆ. ಕಿಟಕಿಯಲ್ಲಿ ಕೂಲರು; ಅದರ ಹುಲ್ಲಿನ ಪರದೆಯಿಂದ ನೀರು ತೊಟ್ಟಿಕ್ಕುವ ಸದ್ದು.

ಗೋಡೆಗೆ ತಾಗದ ಹಾಗೆ ಇಟ್ಟ ಆ ಪೆಟ್ಟಿಗೆ ನೋಡಲು ಅಂಥ ಚೆಂದವೇನಲ್ಲ. ಹೊರಗೆ ಪ್ಲೈವುಡ್ಡು, ಒಳಗೆ ಥರ್ಮೊಕೋಲು, ಮುಂದೆ ಅಂಗೈಯಗಲದ ಗಾಜು. ಹೈದರಾಬಾದಿನಿಂದ ಬಸ್ಸಿನ ತಲೆಯ ಮೇಲೆ ಹೇರಿ ತಂದದ್ದು. ಗಾಜಿಗೆ ಮುಖವಿಟ್ಟರೆ ಒಳಗೆ ಮಂದ ಬೆಳಕಿನಲ್ಲಿ ಸಾಲುಸಾಲು ತತ್ತಿ. ಕಂದು, ಕೆನೆ, ಮಣ್ಣಿನ ಬಣ್ಣ, ಒಂದೆರಡು ಅಚ್ಚ ಬಿಳಿ. ಎಲ್ಲವೂ ದಪ್ಪ ತುದಿ ಮೇಲಾಗಿ ನಿಂತಿವೆ, ಎಲ್ಲದರ ಮೇಲೂ ಪೆನ್ಸಿಲ್ಲಿನ ಗುರುತು. ಮೇಲಿನ ಕೆಂಪು ಅಂಕಿ 37.5ರಲ್ಲಿ ನಿಂತು, ಒಮ್ಮೆ 37.6ಕ್ಕೆ ಹಾರಿ, ಮತ್ತೆ ಇಳಿಯುತ್ತದೆ.

ತತ್ತಿಗೆ ಕಾವು ಕೊಡುವ ಈ ಮಷಿನ್ನಿನ ಒಡತಿ ಊರ ಮಂದಿಗೆಲ್ಲ ಮಷಿನ್ ಅಕ್ಕ. ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಸೆರಗನ್ನು ಸೊಂಟಕ್ಕೆ ಬಿಗಿದು, ಕೈಯಲ್ಲಿ ಒಂದು ಒದ್ದೆ ಅರಿವೆ ಹಿಡಿದೇ ಓಡಾಡುತ್ತಾಳೆ. ಮಾತಿಗೆ ನಿಂತರೂ ಆ ಅರಿವೆ ಕಿಟಕಿಯ ಚೌಕಟ್ಟನ್ನೋ ಬಾಗಿಲ ಸಂದನ್ನೋ ಒರೆಸುತ್ತಿರುತ್ತದೆ, ಏಕೆಂದರೆ ಈ ಕಾಲದ ಧೂಳಿಗೆ ಸಂದು ಬೇಕಿಲ್ಲ. ಇಷ್ಟು ಬಿಸಿಲಿನ ನಾಡಿನಲ್ಲಿ ಕಾವು ಕೊಡುವುದು ಸುಲಭವಲ್ಲವೇ ಎಂದು ಕೇಳಿದರೆ ಆಕೆಗೆ ನಗು.

“ಬಿಸಿ ಮಾಡೋದೇನ್ ದೊಡ್ಡದದರಿ ಸರ? ಬೇರೆ ಕಡೆ ಬಲ್ಬ್ ಹಚ್ಚಿದ್ರ ಬಿಸಿ ಆಗ್ತದ, ನಮ್ ಕಡೆ ಹಚ್ಚದಿದ್ರೂ ಆಗ್ತದ. ತತ್ತ್ಯಾಗಿನ ನೀರು ಹಿಡದಿಡೋದು ನೋಡ್ರಿ, ಅದು ಜೀವ ತಿಂತದ.”

ಹಾಗೆ ಹೇಳಿ ಆಕೆ ಒಂದು ಟ್ರೇ ಹೊರಗೆಳೆದು ಪಕ್ಕದ ಎಲೆಕ್ಟ್ರಾನಿಕ್ ಕಾಟಾದ ಮೇಲೆ ಇಡುತ್ತಾಳೆ. ಕಿರಾಣಿ ಅಂಗಡಿಯಲ್ಲಿ ಸಕ್ಕರೆ ತೂಗುವಂಥದೇ ಕಾಟಾ. ಅಂಕಿ ನಿಲ್ಲುವ ತನಕ ಉಸಿರು ಬಿಡುವುದಿಲ್ಲ. ನಿಂತ ಮೇಲೆ ಗೋಡೆಯ ಮೊಳೆಗೆ ನೇತುಹಾಕಿದ ವಹಿಯಲ್ಲಿ ಬರೆದು, ಟ್ರೇಯನ್ನು ಬಂದ ದಾರಿಯಲ್ಲೇ ಒಳಗೆ ತಳ್ಳಿ, ಬಾಗಿಲು ಒತ್ತಿ ಮುಚ್ಚುತ್ತಾಳೆ. ಇಷ್ಟೂ ಒಂದು ನಿಮಿಷದೊಳಗೆ. ಆ ವಹಿಯೇ ಈ ಕೋಣೆಯ ಪಂಚಾಂಗ. ಜವಾರಿ ಕೋಳಿಯ ತತ್ತಿ ಸುಮಾರು 40 ಗ್ರಾಂ ತೂಗುತ್ತದೆ. 30 ತತ್ತಿಯ ಟ್ರೇ ಇಟ್ಟ ದಿನ, ಟ್ರೇಯ ಭಾರ ಕಳೆದು, 1,200 ಗ್ರಾಂ. ಕೋಳಿಮರಿ ಹೊರಬರುವುದಕ್ಕೆ 21 ದಿನ. ಹದಿನೆಂಟನೆಯ ದಿನದ ಹೊತ್ತಿಗೆ ತತ್ತಿ ತನ್ನ ತೂಕದ ನೂರಕ್ಕೆ ಹನ್ನೆರಡು ಪಾಲು ಕಳೆದುಕೊಂಡಿರಬೇಕು, ಒಂದು ಪಾಲು ಅತ್ತಿತ್ತ ಆದರೆ ಆದೀತು. ಅಂದರೆ ಈ ಟ್ರೇ 1,056ಕ್ಕೆ ಇಳಿಯಬೇಕು. ದಿನಕ್ಕೆ 8 ಗ್ರಾಂ, ವಾರಕ್ಕೆ 56. ಹೋಗುವುದೆಲ್ಲ ಬರೀ ನೀರು.

ತತ್ತಿಯ ಚಿಪ್ಪು ಗಟ್ಟಿಯಾಗಿ ಕಂಡರೂ ಅದರಲ್ಲಿ ಕಣ್ಣಿಗೆ ಬೀಳದ ಸಾವಿರಾರು ತೂತುಗಳಿವೆ. ಮರಿ ಅವುಗಳ ಮೂಲಕವೇ ಗಾಳಿ ಎಳೆದುಕೊಳ್ಳುತ್ತದೆ, ಅವುಗಳ ಮೂಲಕವೇ ನೀರು ಆವಿಯಾಗಿ ಹೋಗುತ್ತದೆ. ಹೋದ ನೀರಿನ ಜಾಗಕ್ಕೆ ದಪ್ಪ ತುದಿಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಕೊನೆಯಲ್ಲಿ ಮರಿ ಕೊಕ್ಕು ಚಾಚಿ ಮೊದಲ ಉಸಿರು ತೆಗೆದುಕೊಳ್ಳುವುದು ಈ ಗಾಳಿಗೂಡಿನಿಂದ. ನೀರು ಕಡಿಮೆ ಹೋದರೆ ಗೂಡು ಕಿರಿದಾಗಿ, ಮೈ ಊದಿದ ಮರಿ ಉಸಿರಿಗೆ ಜಾಗವಿಲ್ಲದೆ ಒಳಗೇ ಸಾಯುತ್ತದೆ. ಹೆಚ್ಚು ಹೋದರೆ ಚಿಪ್ಪಿನ ಒಳಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ. ಕೊಕ್ಕು ಹೊರಗಿಟ್ಟ ಮರಿಗೆ ಮುಂದೆ ತಿರುಗಲಾಗುವುದಿಲ್ಲ. ಕರಾವಳಿಯಲ್ಲಿ ಮೊದಲನೆಯ ಭಯ, ಇಲ್ಲಿ ಎರಡನೆಯದು.

ಮಷಿನ್ನಿನ ಜೊತೆ ಬಂದ ಪುಸ್ತಕದಲ್ಲಿ ತಳದ ತಟ್ಟೆಗೆ ನೀರು ತುಂಬಿ ಎಂದಷ್ಟೇ ಇದೆ. ಬರೆದವರು ಸೇಡಮ್ಮಿನ ಏಪ್ರಿಲ್ ಕಂಡವರಲ್ಲ. ಹೊರಗೆ 42 ಡಿಗ್ರಿ, ಗಾಳಿಯ ತೇವಾಂಶ ಶೇಕಡ 15ರ ಆಚೀಚೆ ಇರುವ ಮಧ್ಯಾಹ್ನ ನೀರಿಲ್ಲದೆ ಓಡಿಸಿದರೆ ಪೆಟ್ಟಿಗೆಯೊಳಗೂ 20 ಮುಟ್ಟುವುದಿಲ್ಲ. ಬೇಕಾದದ್ದು ಮೊದಲ ಹದಿನೆಂಟು ದಿನ 50ರಿಂದ 55. ತಟ್ಟೆಗೆ ಇನ್ನೊಂದು ತಂಬಿಗೆ ನೀರು ಸುರಿದರೆ ಆಯಿತಲ್ಲ ಅನ್ನಿಸುತ್ತದೆ. ಆಗುವುದಿಲ್ಲ. ನೀರಿನ ಆಳಕ್ಕೂ ತೇವಕ್ಕೂ ಸಂಬಂಧವಿಲ್ಲ. ಗಾಳಿಗೆ ತೆರೆದುಕೊಂಡ ನೀರಿನ ಮೈ ಎಷ್ಟು ಅಗಲ ಎಂಬುದೊಂದೇ ಲೆಕ್ಕ. ಅದಕ್ಕೇ ಅಕ್ಕನ ತಟ್ಟೆಯಲ್ಲಿ ನೀರಿಗಿಂತ ಹೆಚ್ಚಾಗಿ ಅರಿವೆ ಕಾಣುತ್ತದೆ: ತಟ್ಟೆಯಿಂದ ಎದ್ದು ಫ್ಯಾನಿನ ಎದುರಿಗೆ ನಿಲ್ಲುವ ಹಾಗೆ ಮಡಿಸಿದ ಹತ್ತಿ ಪಂಚೆಯ ತುಂಡುಗಳು, ನಾಲ್ಕು ಸ್ಪಂಜು. ಬೋರಿನ ನೀರು ಇಲ್ಲಿ ಸವಳು. ವಾರದೊಳಗೆ ಅರಿವೆಯ ಮೇಲೆ ಬಿಳಿ ಹೊಪ್ಪಳಿಕೆ ಕಟ್ಟಿ, ಅದು ನೀರು ಹೀರುವುದನ್ನೇ ಬಿಟ್ಟುಬಿಡುತ್ತದೆ. ಆಕೆ ಅದನ್ನು ಕಲ್ಲಿಗೆ ಬಡಿದು, ನಿಂಬೆಹೋಳಿನಿಂದ ತಿಕ್ಕಿ, ಮತ್ತೆ ಹಾಕುತ್ತಾಳೆ.

ತೇವ ಅಳೆಯುವ ಪುಟ್ಟ ಡಿಜಿಟಲ್ ಮೀಟರು ಗಾಜಿನ ಹಿಂದೆ ತೂಗುತ್ತಿದೆ. ಆದರೆ ಅದರ ಮಾತನ್ನು ಈ ಮನೆಯಲ್ಲಿ ಯಾರೂ ಪೂರ್ತಿ ನಂಬುವುದಿಲ್ಲ. ಐಟಿಐ ಓದಿದ ಮಗ ಅದಕ್ಕೊಂದು ಪರೀಕ್ಷೆ ಇಟ್ಟಿದ್ದಾನೆ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದ ಹಾಗೆ ನಾಲ್ಕು ಹನಿ ನೀರು ಬಿಟ್ಟು ಕೆಸರು ಮಾಡಿ, ಮೀಟರಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಬಿಡುತ್ತಾನೆ. ಉಪ್ಪಿನ ಕೆಸರು ಮುಚ್ಚಿದ ಜಾಗದಲ್ಲಿ ಯಾವಾಗಲೂ ಶೇಕಡ 75ರ ತೇವ ನಿಲ್ಲಿಸುತ್ತದೆ. ಬೆಳಗ್ಗೆ ಮೀಟರು 68 ತೋರಿಸಿದರೆ ಅದು ಏಳು ಕಡಿಮೆ ಹೇಳುವ ಮೀಟರು ಎಂದು ಅದರ ಬೆನ್ನ ಮೇಲೆಯೇ ಬರೆದಿಡುತ್ತಾನೆ. ಇದರ ಮೇಲೊಂದು ಕಾವಲು ಬೇರೆ: ಪಾದರಸದ ಥರ್ಮಾಮೀಟರು, ಅದರ ಬುರುಡೆಗೆ ತೊಡಿಸಿದ ಬಿಳಿ ಬೂಟಿನ ಹತ್ತಿ ಲೇಸು, ಲೇಸಿನ ಇನ್ನೊಂದು ತುದಿ ಮಾತ್ರೆ ಶೀಶೆಯ ನೀರಿನಲ್ಲಿ. ಒಣ ಥರ್ಮಾಮೀಟರು 37.5 ಇರುವಾಗ ಲೇಸಿನದು 29 ಇದ್ದರೆ ಸರಿಯಾದ ಹದ. ಮಾತ್ರೆ ಶೀಶೆ ದಿನಕ್ಕೆರಡು ಸಲ ತುಂಬಬೇಕು. ಮರೆತರೆ ಲೇಸು ಒಣಗಿ, ಎರಡೂ ಒಂದೇ ಅಂಕಿ ತೋರಿಸುತ್ತ ಕೂತುಬಿಡುತ್ತವೆ.

ಬೆಳಗಿನ ಹೊತ್ತಿಗೆ ಹೋದರೆ ಈ ಮನೆಯ ಕಟ್ಟೆಯ ಮೇಲೆ ಸಂತೆ. ಸ್ಟೀಲ್ ಡಬ್ಬಿಯಲ್ಲಿ ಜೋಳ ಹಾಕಿ, ನಡುವೆ ತತ್ತಿ ಹುದುಗಿಸಿಕೊಂಡು ಹೆಂಗಸರು ಬರುತ್ತಾರೆ. ಹೆಚ್ಚಿನವು ಜವಾರಿ, ಕೆಲವು ಗಿರಿರಾಜ, ಸ್ವರ್ಣಧಾರಾ ತತ್ತಿಗಳು, ಒಬ್ಬರು ಝಾಬುವಾದ ಕರಿ ಕಡಕನಾಥದ್ದು ತರುತ್ತಾರೆ, ತಂದಾಗ ಉಳಿದವರೆಲ್ಲ ಕೋಳಿಯ ಬೆಲೆ ಕೇಳುತ್ತಾರೆ. ಕಾಸು ಕೊಟ್ಟು ಮರಿ ಮಾಡಿಸಿಕೊಳ್ಳುವವರು ಕೆಲವರು, ಮರಿಯಲ್ಲೇ ಪಾಲು ಬಿಡುವವರು ಕೆಲವರು. ಅಕ್ಕ ಒಂದೊಂದನ್ನೂ ಕೈಗೆತ್ತಿಕೊಂಡು ನೋಡುತ್ತಾಳೆ. ಉದ್ದುದ್ದ, ಚಪ್ಪಟೆ, ಚಿಪ್ಪು ಒರಟು ಇದ್ದರೆ ಪಕ್ಕಕ್ಕೆ. ಎರಡನ್ನು ಮೆಲ್ಲಗೆ ತಾಗಿಸಿ ಕಿವಿಗೊಡುತ್ತಾಳೆ. ಸೀಳು ಬಿಟ್ಟದ್ದು ಬೊಡ್ಡು ಸದ್ದು ಮಾಡುತ್ತದೆ. ಹಿಕ್ಕೆ ಹತ್ತಿದ್ದನ್ನು ಒಣ ಅರಿವೆಯಿಂದ ಒರೆಸುತ್ತಾಳೆಯೇ ಹೊರತು ತೊಳೆಯುವುದಿಲ್ಲ, ತೊಳೆದರೆ ಚಿಪ್ಪಿನ ಮೇಲಿನ ಕಾಪು ಪದರ ಹೋಗುತ್ತದೆ. ಒಮ್ಮೆ ಒಬ್ಬ ಹುಡುಗ ಕಿರಾಣಿ ಅಂಗಡಿಯಿಂದ ಅರ್ಧ ಡಜನ್ ಕೊಂಡು ತಂದಿದ್ದನಂತೆ. ಹುಂಜದ ಮುಖವನ್ನೇ ಕಾಣದ ಫಾರಂ ಕೋಳಿಯ ತತ್ತಿಯಲ್ಲಿ ಮರಿ ಎಲ್ಲಿಂದ ಬರಬೇಕು? ಹತ್ತು ಹ್ಯಾಟೆಗೆ ಒಂದು ಹುಂಜವಾದರೂ ಜೊತೆಗೆ ಅಡ್ಡಾಡುವ ಮನೆಯ ತತ್ತಿಯೇ ಆಗಬೇಕು.

ಈಕೆ ಹೆಂಗಸರ ಜೊತೆ ಜಗಳ ತೆಗೆಯುವುದು ಒಂದೇ ಮಾತಿಗೆ. “ಎಷ್ಟ್ ದಿನದ್ದವ್ವಾ ಇದು?” ಬೇಸಿಗೆಯಲ್ಲಿ ಈ ಪ್ರಶ್ನೆಗೆ ಭಾರ ಹೆಚ್ಚು. ಸುಮಾರು 21 ಡಿಗ್ರಿಗಿಂತ ತಣ್ಣಗಿದ್ದರೆ ತತ್ತಿಯೊಳಗಿನ ಜೀವ ಮಲಗಿರುತ್ತದೆ, ವಾರದ ತನಕ ಕೆಡುವುದಿಲ್ಲ. ಪತ್ರಾಸಿನ ಮನೆಯಲ್ಲಿ, 38ರ ಶಾಖದಲ್ಲಿ ಮೂರು ದಿನ ಇಟ್ಟರೆ ಅದು ಅರೆಬರೆ ಎದ್ದು ಬೆಳೆಯತೊಡಗುತ್ತದೆ, ರಾತ್ರಿ ತಂಪಾದಾಗ ನಿಲ್ಲುತ್ತದೆ, ಮತ್ತೆ ಬೆಳೆಯುತ್ತದೆ; ಮಷಿನ್ನಿಗೆ ಬರುವ ಹೊತ್ತಿಗೆ ಸತ್ತಿರುತ್ತದೆ. ಅದಕ್ಕಾಗಿ ಆಕೆ ಪಡಸಾಲೆಯಲ್ಲಿ ಗಡಿಗೆಯೊಳಗೆ ಗಡಿಗೆ ಇಟ್ಟಿದ್ದಾಳೆ. ನಡುವಿನ ಸಂದಿಗೆ ಮರಳು, ಮರಳಿಗೆ ಹೊತ್ತುಹೊತ್ತಿಗೆ ನೀರು, ಬಾಯಿಗೆ ಒದ್ದೆ ಗೋಣಿ. ಒಳಗಡಿಗೆಯಲ್ಲಿ ಕೈಯಿಟ್ಟರೆ ಹೊರಗಿನ ಏಪ್ರಿಲ್ ಮರೆತುಹೋಗುತ್ತದೆ. ಗಾಳಿ ಎಷ್ಟು ಒಣಗಿರುತ್ತದೋ ಈ ಗಡಿಗೆ ಅಷ್ಟು ತಣ್ಣಗಿರುತ್ತದೆ. ಮಂಗಳೂರಿಗೆ ಒಯ್ದಿಟ್ಟರೆ ಇದರ ಆಟ ನಡೆಯುವುದಿಲ್ಲ. ಈ ಸೀಮೆಯ ಬಿಸಿಲು ಬೈಸಿಕೊಳ್ಳುವುದೇ ಹೆಚ್ಚು, ಆದರೆ ಇಲ್ಲಿನ ತಂಪೆಲ್ಲ, ಹರವಿಯ ನೀರಿನಿಂದ ಹಿಡಿದು ಕೂಲರಿನ ಗಾಳಿಯವರೆಗೆ, ಅದೇ ಒಣಗಾಳಿ ಕೊಟ್ಟದ್ದು.

ಮಂಚದ ಮೇಲಿನ ಹಿರಿಯಾಕೆ ಅಕ್ಕನ ಅತ್ತೆ. ಮಷಿನ್ನು ಬಂದಾಗಿನಿಂದ ಆಕೆಗೂ ಅದಕ್ಕೂ ಮಾತಿಲ್ಲ. ಕೇಳಿದರೆ ತನ್ನ ಕಾಲದ್ದನ್ನು ಹೇಳುತ್ತಾಳೆ. ಬುಟ್ಟಿಯ ತಳಕ್ಕೆ ಹಸಿ ಮರಳು, ಅದರ ಮೇಲೆ ಹೊಟ್ಟು, ಹೊಟ್ಟಿನ ಮೇಲೆ ಹತ್ತೋ ಹನ್ನೆರಡೋ ತತ್ತಿ. ಗುಡುಗಿಗೆ ತತ್ತಿ ಕೆಡಬಾರದೆಂದು ಮೂಲೆಗೊಂದು ಇದ್ದಿಲು, ಒಂದು ಒಣಮೆಣಸಿನಕಾಯಿ, ಒಂದು ಕಬ್ಬಿಣದ ಮೊಳೆ.

“ಬ್ಯಾಸಗ್ಯಾಗ ಕೋಳಿ ಕೂಡಸ್ತಿದ್ದಿಲ್ಲಪ್ಪಾ ನಾವು. ಕೂಡಿಸಿದ್ರೂ ಬುಟ್ಟಿ ಸುತ್ತ ನೀರ್ ಚಿಮಕಿಸ್ತಿದ್ವಿ. ಕೋಳಿಗಿ ಎಲ್ಲಾ ಗೊತ್ತಿರ್ತದ. ಎದಿ ಪುಕ್ಕ ತಾನೇ ಕಿತ್ಕೋತದ, ಮೈ ತತ್ತಿಗಿ ಹತ್ತಲಿ ಅಂತ. ಕಾಲಾಗ ತಿರುವ್ತದ, ಕೊಕ್ಕಿನಾಗ ತಿರುವ್ತದ. ಆ ಪೆಟಿಗಿಗಿ ಏನ್ ಗೊತ್ತದ?”

ಅತ್ತೆಯ ಮಾತಿನಲ್ಲಿ ಮೆಣಸಿನಕಾಯಿ ಬಿಟ್ಟರೆ ಮಿಕ್ಕದ್ದನ್ನೆಲ್ಲ ಸೊಸೆ ಒಪ್ಪುತ್ತಾಳೆ. ಮಷಿನ್ನಿನ ಒಳಗೆ ನಡೆಯುವುದು ಕೋಳಿ ಮಾಡುವುದರ ನಕಲೇ. ಆಗೀಗ ಕಿರ್ರ್ ಎನ್ನುವ ಆ ಮೋಟರು ಟ್ರೇಗಳನ್ನು 45 ಡಿಗ್ರಿ ಎಡಕ್ಕೆ, ಇನ್ನೊಂದು ಗಂಟೆಗೆ 45 ಡಿಗ್ರಿ ಬಲಕ್ಕೆ ವಾಲಿಸುವುದು ಕೋಳಿಯ ಕಾಲು–ಕೊಕ್ಕಿನ ಕೆಲಸಕ್ಕೆ ಬದಲಾಗಿ. ತಿರುಗಿಸದೆ ಬಿಟ್ಟರೆ ಒಳಗಿನ ಜೀವ ಪೊರೆಗೆ ಅಂಟಿಕೊಳ್ಳುತ್ತದೆ. ಕೋಳಿ ದಿನಕ್ಕೊಮ್ಮೆ ಎದ್ದು ಕಾಳು ತಿಂದು, ನೀರು ಕುಡಿದು, ಧೂಳಿನಲ್ಲಿ ಹೊರಳಿ ಬರುತ್ತದಲ್ಲ, ಆ ಹತ್ತು–ಹದಿನೈದು ನಿಮಿಷ ತತ್ತಿ ತಣ್ಣಗಾಗುವುದೂ ಅದಕ್ಕೆ ಒಗ್ಗಿದ್ದೇ.

ರಾತ್ರಿ ಊಟವಾದ ಮೇಲೆ ಮಕ್ಕಳು ಈ ಮನೆಗೆ ನುಗ್ಗುವುದು ತತ್ತಿ ನೋಡಲು. ದೀಪ ಆರಿಸಿ, ರಟ್ಟಿಗೆ ರೂಪಾಯಿಯಗಲದ ತೂತು ಕೊರೆದು, ಅದರ ಹಿಂದೆ ಮೊಬೈಲ್ ಟಾರ್ಚ್ ಹಿಡಿದು, ತೂತಿನ ಮೇಲೆ ತತ್ತಿ ಕೂರಿಸಿದರೆ ಚಿಪ್ಪು ಕೆಂಪಗೆ ಬೆಳಗುತ್ತದೆ. ಏಳನೆಯ ದಿನದ ತತ್ತಿಯಲ್ಲಿ, ಬಲೆಯ ನಡುವೆ ಕುಳಿತ ಜೇಡದ ಹಾಗೆ, ಒಂದು ಕಪ್ಪು ಚುಕ್ಕೆ. ಅದರಿಂದ ಸುತ್ತಲೂ ಹರಡಿದ ರಕ್ತದ ನೂಲುಗಳು. ಕೈ ಅಲುಗಿಸದೆ ಹಿಡಿದರೆ ಚುಕ್ಕೆ ತಾನಾಗಿ ಮಿಸುಕುವುದು ಕಾಣುತ್ತದೆ. ನೂಲುಗಳಿಲ್ಲದೆ ಬರೀ ಒಂದು ಕೆಂಪು ಸುತ್ತುಗೆರೆ ಇದ್ದರೆ ಅದು ಮೂರು–ನಾಲ್ಕು ದಿನ ಬದುಕಿ ಸತ್ತದ್ದು. ಏನೂ ಇಲ್ಲದೆ ತಿಳಿಯಾಗಿ ಹೊಳೆದರೆ ಬರಡು. ಬರಡು ಹೆಚ್ಚು ಬಂದ ಮನೆಯವರಿಗೆ ಮರುದಿನ ಹುಂಜ ಬದಲಿಸಲು ಹೇಳಿ ಕಳಿಸುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ನೋಡಿದ ತತ್ತಿಯ ದಪ್ಪ ತುದಿಯಲ್ಲಿ ಗಾಳಿಗೂಡಿನ ಅಂಚು ಎಲ್ಲಿದೆಯೋ ಅಲ್ಲಿಗೇ ಅಕ್ಕ ಪೆನ್ಸಿಲ್ ಗೆರೆ ಎಳೆಯುತ್ತಾಳೆ. ಏಳಕ್ಕೊಂದು, ಹದಿನಾಲ್ಕಕ್ಕೊಂದು, ಹದಿನೆಂಟಕ್ಕೊಂದು. ಮೊದಲು ಗಾಜಿನಲ್ಲಿ ಕಂಡ ಪೆನ್ಸಿಲ್ ಗುರುತುಗಳು ಇವೇ. ಕೊನೆಯ ಗೆರೆಯ ಹೊತ್ತಿಗೆ ಗೂಡು ತತ್ತಿಯ ಮೂರರಲ್ಲೊಂದು ಪಾಲಿನ ಹತ್ತಿರ ಬಂದಿರಬೇಕು. ಗೆರೆ ಅವಸರವಾಗಿ ಕೆಳಗಿಳಿಯುತ್ತಿದ್ದರೆ ಕಾಟಾ ಹೇಳುವುದಕ್ಕೆ ಮುಂಚೆಯೇ ಒಂದು ಅರಿವೆ ಹೆಚ್ಚಿಗೆ ಬೀಳುತ್ತದೆ.

ಮಧ್ಯಾಹ್ನ ಎರಡರಿಂದ ನಾಲ್ಕು, ಈ ಕೋಣೆಯಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ. ಮಷಿನ್ನಿಗೆ ಶಾಖ ಕೊಡುವುದು ಬರುತ್ತದೆ, ತೆಗೆಯುವುದು ಬರುವುದಿಲ್ಲ. ಕೋಣೆಯೇ 38 ಆದರೆ ಬಲ್ಬು ಆರಿಸಿ ಕೂತರೂ ಪೆಟ್ಟಿಗೆ 37.5ಕ್ಕೆ ಇಳಿಯಲಾರದು. ಅದಕ್ಕೇ ದಪ್ಪ ಗೋಡೆಯ ಕಾಳಿನ ಕೋಣೆ, ಅದಕ್ಕೇ ಕೂಲರು, ಅದಕ್ಕೇ ಬಾಗಿಲಿಗೆ ತೊಯ್ದ ಗೋಣಿ. ಕೂಲರು ಕೋಣೆಯನ್ನು 28ರ ಆಸುಪಾಸಿಗೆ ಇಳಿಸುವುದರ ಜೊತೆಗೆ ಒಳಗಿನ ಗಾಳಿಗೆ ತೇವವನ್ನೂ ತುಂಬುತ್ತದೆ. ಮಷಿನ್ನು ಆ ಗಾಳಿಯನ್ನೇ ಎಳೆದುಕೊಳ್ಳುವುದರಿಂದ ತಟ್ಟೆಯ ಮೇಲಿನ ಹೊರೆ ಅರ್ಧ ಇಳಿಯುತ್ತದೆ. ನನ್ನನ್ನು ಕೇಳಿದರೆ ಈ ಮನೆಯ ನಿಜವಾದ ಇನ್‌ಕ್ಯುಬೇಟರು ಈ ಕೋಣೆಯೇ.

ಲೈಟು ಹೋದಾಗ ನೋಡಬೇಕು. ಫ್ಯಾನು ನಿಂತ ಕೂಡಲೇ ಮನೆಯಲ್ಲಿ ಎಲ್ಲರ ಮಾತೂ ನಿಲ್ಲುತ್ತದೆ. ಲೈಟು ಹೋದರೆ ಮಷಿನ್ನಿಗೆ ಕಂಬಳಿ ಹೊದಿಸಿ ಎಂಬ ಬುದ್ಧಿಮಾತು ಚಳಿನಾಡಿನದ್ದು. ಇಲ್ಲಿ, ಅದೂ ಮೂರನೆಯ ವಾರದ ತತ್ತಿಗಳಿದ್ದರೆ, ಮಾಡಬೇಕಾದದ್ದು ತಿರುವುಮುರುವು. ಆ ಹೊತ್ತಿಗೆ ಮರಿಗಳು ತಾವೇ ಶಾಖ ಬಿಡತೊಡಗಿರುತ್ತವೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಅಂಕಿ ಏರುತ್ತ ಹೋಗುತ್ತದೆ. ಒಂದೆರಡು ಗಂಟೆ ತಣ್ಣಗಾದರೆ ಮರಿ ತಡೆದುಕೊಳ್ಳುತ್ತದೆ, 40 ದಾಟಿ ನಿಂತರೆ ತಡೆಯುವುದಿಲ್ಲ. ಅಕ್ಕ ಬಾಗಿಲನ್ನು ಎರಡು ಬೆರಳಗಲ ತೆರೆದು, ಒಂದು ತತ್ತಿ ತೆಗೆದು, ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿ ಹಿಡಿದು ನೋಡುತ್ತಾಳೆ. ಸುಟ್ಟಂತಾದರೆ ಬಾಗಿಲು ಇನ್ನಷ್ಟು ತೆರೆಯುತ್ತದೆ.

ಈ ರೆಪ್ಪೆಯ ಲೆಕ್ಕ ಆಕೆಗೆ ಯಾರು ಕಲಿಸಿದರೋ, ಈಜಿಪ್ಟಿನ ಕಾವುಗಾರರು ಇದನ್ನೇ ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ಅದೂ ಒಣ ನಾಡೇ. ಅಲ್ಲಿ ಹಸಿ ಇಟ್ಟಿಗೆಯ ದೊಡ್ಡ ಕಾವುಮನೆಗಳಿದ್ದವು: ನಡುವೆ ಓಣಿ, ಎರಡೂ ಬದಿ ಒಂದರ ಮೇಲೊಂದು ಗೂಡು, ಕೆಳಗೆ ಸಾವಿರಾರು ತತ್ತಿ, ಮೇಲೆ ಹುಲ್ಲು–ಸಗಣಿಯ ಕೆಂಡ. ಕೆಲಸಗಾರ ಅಲ್ಲೇ ಮಲಗಿ, ಅಲ್ಲೇ ಎದ್ದು, ಕೈಯಿಂದ ತಿರುವುತ್ತಿದ್ದ. ಥರ್ಮಾಮೀಟರು ಇರಲಿಲ್ಲ, ಕಣ್ಣಿನ ರೆಪ್ಪೆಯೇ ಥರ್ಮಾಮೀಟರು. ಈಜಿಪ್ಟಿನಲ್ಲಿ ಕೋಳಿಯಿಲ್ಲದೆ ಸಗಣಿಯ ಶಾಖದಿಂದ ಮರಿ ಮಾಡುತ್ತಾರೆಂದು ಅರಿಸ್ಟಾಟಲ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಬರೆದಿಟ್ಟಿದ್ದ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿ ರೆಯೋಮ್ಯೂರ್ ಇವನ್ನು ಅಭ್ಯಾಸ ಮಾಡಿ, ಆ ದೇಶ ಪಿರಮಿಡ್ಡಿಗಿಂತ ಈ ಕಾವುಮನೆಗಳ ಬಗ್ಗೆ ಹೆಚ್ಚು ಹೆಮ್ಮೆ ಪಡಬೇಕೆಂದ.

ಹದಿನೆಂಟನೆಯ ದಿನ ಕೋಣೆಯ ನಡೆ ಬದಲಾಗುತ್ತದೆ. ತಿರುಗಿಸುವ ಮೋಟರಿನ ವೈರು ಕೀಳುತ್ತಾರೆ. ಇನ್ನು ಆ ಕಿರ್ರ್ ಇಲ್ಲ. ತತ್ತಿಗಳನ್ನು ಕೆಳಗಿನ ಟ್ರೇಗೆ ಇಳಿಸಿ, ಮರಿಯ ಕಾಲು ಜಾರದ ಹಾಗೆ ಹಾಸಿದ ಗೋಣಿಯ ಮೇಲೆ ಅಡ್ಡ ಮಲಗಿಸುತ್ತಾರೆ. ಇನ್ನುಳಿದ ಮೂರು ದಿನಕ್ಕೆ ತೇವ 65ರಿಂದ 70ಕ್ಕೆ ಏರಬೇಕು. ಬೂಟಿನ ಲೇಸಿನ ಥರ್ಮಾಮೀಟರು 32ಕ್ಕೆ ಬರಬೇಕು. ತಟ್ಟೆಯಲ್ಲಿ ಅರಿವೆ ಎರಡರಷ್ಟಾಗುತ್ತದೆ. ನೀರನ್ನು ಬಾಗಿಲು ತೆರೆಯದೆ ಸಲೈನ್ ನಳಿಕೆಯಿಂದ ಹೊರಗಿನಿಂದಲೇ ಬಿಡುತ್ತಾಳೆ, ಅದೂ ಉಗುರುಬೆಚ್ಚಗೆ ಮಾಡಿ. ತೇವ ಹಿಡಿದಿಡಬೇಕೆಂದು ಗಾಳಿಕಿಂಡಿ ಮುಚ್ಚುವ ಆಸೆ ಎಲ್ಲರಿಗೂ ಆಗುತ್ತದೆ. ಮುಚ್ಚಬಾರದು. ಉಸಿರಿಗೆ ಗಾಳಿ ಅತಿ ಹೆಚ್ಚು ಬೇಕಾದ ಹೊತ್ತು ಇದೇ. ಕಿಂಡಿಯೂ ತೆರೆದಿರಬೇಕು, ತೇವವೂ ನಿಲ್ಲಬೇಕು. ಬೇಸಿಗೆಯ ಇಡೀ ಕಷ್ಟ ಈ ಮೂರು ದಿನದಲ್ಲಿ ಬಂದು ಕೂಡುತ್ತದೆ. ಬಾಗಿಲಿಗೆ ಟೇಪು ಅಂಟಿಸಿ, ಮಕ್ಕಳಿಗೆಂದು ಕೆಂಪು ಪೆನ್ನಿನಲ್ಲಿ “ಮುಟ್ಟಬ್ಯಾಡ್ರಿ” ಎಂದು ಬರೆಯುತ್ತಾರೆ.

ಇಪ್ಪತ್ತನೆಯ ದಿನ ಗಾಜಿಗೆ ಕಿವಿಯಿಟ್ಟರೆ, ಒಡೆಯದ ಚಿಪ್ಪಿನೊಳಗಿಂದ ಚಿಂವ್ ಚಿಂವ್ ಕೇಳಿಸುತ್ತದೆ. ಕೊಕ್ಕು ಗಾಳಿಗೂಡಿಗೆ ತಲುಪಿದ ಸುದ್ದಿ ಅದು. ಆಮೇಲೆ ಯಾವುದೋ ಒಂದರ ಮೇಲೆ ಸಾಸಿವೆಯಷ್ಟು ಬಿರುಕು. ಸಣ್ಣ ಚಿಪ್ಪಿನ ಚೂರು ಹೊರಕ್ಕೆ ಎದ್ದು ನಿಲ್ಲುತ್ತದೆ. ಕೊಕ್ಕಿನ ತುದಿಯಲ್ಲಿ ಈ ಕೆಲಸಕ್ಕೆಂದೇ ಒಂದು ಬಿಳಿ ಮುಳ್ಳು ಇರುತ್ತದೆ, ಹುಟ್ಟಿದ ಕೆಲವು ದಿನಕ್ಕೆ ತಾನೇ ಉದುರುತ್ತದೆ. ಬಿರುಕು ಬಿಟ್ಟ ಮರಿ ತಾಸುಗಟ್ಟಲೆ ಏನೂ ಮಾಡುವುದಿಲ್ಲ. ನೋಡುವವರಿಗೆ ಎದೆ ಹೊಡೆದುಕೊಳ್ಳುತ್ತದೆ, ಅದು ಮಾತ್ರ ಒಳಗೆ ಉಳಿದ ಹಳದಿಯನ್ನು ಹೊಟ್ಟೆಗೆ ಎಳೆದುಕೊಳ್ಳುತ್ತ, ಪೊರೆಯ ರಕ್ತವನ್ನು ಮೈಗೆ ಸೇರಿಸಿಕೊಳ್ಳುತ್ತ ಮಲಗಿರುತ್ತದೆ. ಆಮೇಲೆ ಒಮ್ಮೆಲೆ ತಿರುಗತೊಡಗುತ್ತದೆ. ಟಕ್, ಟಕ್, ಚಿಪ್ಪಿನ ಸುತ್ತ ಗೆರೆ ಬೀಳುತ್ತದೆ, ಕಾಲು ಒದೆಯುತ್ತದೆ, ಟೋಪಿ ಕಳಚಿ ಬೀಳುತ್ತದೆ. ಒದ್ದೆಮುದ್ದೆಯ ಒಂದು ಕುರೂಪಿ ಜೀವ ಗೋಣಿಯ ಮೇಲೆ ಮೂತಿಯೂರಿ ಬಿದ್ದುಕೊಂಡು, ಪಕ್ಕದ ತತ್ತಿಯನ್ನು ಉರುಳಿಸಿ, ಮತ್ತೆ ನಿದ್ದೆ ಹೋಗುತ್ತದೆ.

ಎಡಮೂಲೆಯ ಒಂದರಲ್ಲಿ ಬೆಳಗಿನಿಂದ ಬಿರುಕು ಅಷ್ಟೇ ಇದೆ. ತೂತಿನ ಅಂಚಿನಲ್ಲಿ ಬೆಳ್ಳಗೆ, ಹಸಿಯಾಗಿ ಇರಬೇಕಾದ ಪೊರೆ ಕಂದುಬಣ್ಣಕ್ಕೆ ತಿರುಗಿ ಕಾಗದವಾಗಿದೆ. ಒಳಗೆ ಕೊಕ್ಕು ತೆರೆದು ಮುಚ್ಚುವುದು ಕಾಣುತ್ತದೆ. “ತೆಗೀರಿ ಕಾಕು, ಒಡೀರಿ” ಎಂದು ಪಕ್ಕದ ಮನೆಯ ಹುಡುಗಿ ಅಳುಮುಖ ಮಾಡುತ್ತಾಳೆ. ಅಕ್ಕ ಕದಲುವುದಿಲ್ಲ. ಈ ಒಂದಕ್ಕಾಗಿ ಬಾಗಿಲು ತೆರೆದರೆ ಹೊರಗಿನ ಒಣಗಾಳಿ ನುಗ್ಗಿ ಅರ್ಧ ಒಡೆದ ಇನ್ನು ಹತ್ತರ ಪೊರೆ ಇದೇ ಪಾಡಿಗೆ ಬರುತ್ತದೆ. ಸಂಜೆ ಉಳಿದವೆಲ್ಲ ಹೊರಬಿದ್ದ ಮೇಲೆ ಅದನ್ನು ತೆಗೆದು, ಬೆರಳನ್ನು ಬೆಚ್ಚನೆಯ ನೀರಿಗದ್ದಿ ಪೊರೆಯನ್ನು ಹನಿಹನಿಯಾಗಿ ನೆನೆಸಿದರು. ಅದು ಬದುಕಲಿಲ್ಲ. ವಹಿಯಲ್ಲಿ ಆ ಟ್ರೇಯ ತೂಕ ಎರಡನೆಯ ವಾರದಲ್ಲೇ ಜಾಸ್ತಿ ಇಳಿದದ್ದನ್ನು ಅಕ್ಕ ಬೆರಳಿಟ್ಟು ತೋರಿಸಿದಳು. ಆ ವಾರ ಕೂಲರಿನ ಮೋಟರು ಸುಟ್ಟು, ರಿಪೇರಿಗೆ ಹೋಗಿತ್ತು.

“ಹತ್ತಕ್ಕ ಏಳು ಎದ್ದು ಬಂದ್ರ ಬ್ಯಾಸಗಿ ಗೆದ್ದಂಗರಿ” ಎನ್ನುತ್ತಾಳೆ. ಮಳೆ–ಚಳಿಗಾಲದಲ್ಲಿ ಇದಕ್ಕಿಂತ ಚೆನ್ನಾಗಿ ಬರುತ್ತವಂತೆ.

ಮೈ ಆರಿ ಪುಕ್ಕ ಉಬ್ಬಿದ ಮೇಲೆಯೇ ಮರಿಗಳಿಗೆ ಹೊರಗಿನ ದರ್ಶನ. ಹೊಟ್ಟೆಯಲ್ಲಿ ಹಳದಿಯ ಬುತ್ತಿ ಇರುವುದರಿಂದ ಎರಡು–ಮೂರು ದಿನ ಕಾಳುನೀರಿಲ್ಲದೆ ಇರಬಲ್ಲವು; ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ಬಸ್ಸು ಹತ್ತಿ ಊರೂರಿಗೆ ಹೋಗಬಲ್ಲುದು ಈ ಬಲದ ಮೇಲೆಯೇ. ಆದರೂ ಅಕ್ಕ ಪ್ರತಿ ಮರಿಯ ಕೊಕ್ಕನ್ನು ಒಮ್ಮೆ ಬೆಲ್ಲದ ನೀರಿಗೆ ಅದ್ದಿಯೇ ಪೆಟ್ಟಿಗೆಗೆ ಬಿಡುತ್ತಾಳೆ. ಒಯ್ಯುವವರಿಗೆ ಆಕೆಯ ಮಾತು ಇಷ್ಟೇ: ಮೊದಲು ನೀರು, ಆಮೇಲೆ ನುಚ್ಚು, ಐದರಿಂದ ಏಳು ದಿನದೊಳಗೆ ಕೊಕ್ಕರೆ ರೋಗದ ಲಸಿಕೆಯ ಹನಿ ಕಣ್ಣಿಗೆ. ಉಳಿದ ಚಿಪ್ಪನ್ನು ಬಿಸಿಲಿಗೆ ಒಣಗಿಸಿ ಕುಟ್ಟಿ ಕೋಳಿಗಳಿಗೇ ಹಾಕುತ್ತಾರೆ.

ಜೂನಿನಲ್ಲಿ ಮಳೆ ಹಿಡಿದರೆ ಈ ಕೋಣೆಯ ಲೆಕ್ಕವೆಲ್ಲ ಬದಲಾಗುತ್ತದೆ. ಗಾಳಿಯಲ್ಲೇ ಸಾಕಷ್ಟು ನೀರಿರುವುದರಿಂದ ಮೊದಲ ಹದಿನೆಂಟು ದಿನ ತಟ್ಟೆ ಖಾಲಿ ಇಟ್ಟರೂ ನಡೆಯುತ್ತದೆ; ಗೋಣಿ, ಅರಿವೆ, ಸ್ಪಂಜು ಅಟ್ಟಕ್ಕೇರುತ್ತವೆ. ನಮ್ಮ ಬಯಲುಸೀಮೆಯಲ್ಲಿ ಹೊಸದಾಗಿ ಮಷಿನ್ನು ಕೊಳ್ಳುವ ಮನಸ್ಸಿದ್ದವರು ಮೊದಲ ಕಂತಿನ ತತ್ತಿಯನ್ನು ಆ ಕಾಲದಲ್ಲೇ ಇಡಿ, ಏಪ್ರಿಲ್‌ನಲ್ಲಿ ಬೇಡ. ಮಷಿನ್ನು ತರುವ ಮುಂಚೆ ಮನೆಯಲ್ಲಿ ಅತಿ ತಂಪಾದ ಕೋಣೆ ಯಾವುದೆಂದು ನೋಡಿಕೊಳ್ಳಿ, ದುಡ್ಡು ಉಳಿದರೆ ಡಿಜಿಟಲ್ ಮೀಟರಿಗೆ ಮುಂಚೆ ಒಂದು ಕಾಟಾ ಕೊಳ್ಳಿ.